ಗಾನಯೋಗಿ ಪಂಚಾಕ್ಷರ ಗವಾಯಿಗಳು

ವಳಸಂಗ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಗದುಗಿನ ಗವಾಯಿಗಳ ಹೆಸರು ಕೇಳದ ಮನೆ ಕಡಿಮೆ. ಅವರ ರಾಗಜ್ಞಾನವನ್ನು ಎಲ್ಲರೂ ಹೊಗಳುತ್ತಾರೆ. ಮೂಲೆ ಸೇರಬೇಕಾಗಿದ್ದ ಜೀವಗಳನ್ನು ಅವರು ಹಾಡಿನ ಮೂಲಕ ಹತ್ತು ಜನರ ನಡುವೆ ಕೂಡ್ರಿಸಿದರಲ್ಲ, ಆ ಕೆಲಸ ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

1892ರ ಫೆಬ್ರುವರಿ 2ರಂದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ದಂಪತಿಗಳ ಉದರದಲ್ಲಿ ಜನಿಸಿದ ಇವರ ಮೊದಲ ಹೆಸರು ಗದಿಗೆಯ್ಯ. ಇವರಿಗೂ ಸಹೋದರ ಗುರುಬಸಯ್ಯನಿಗೂ ಹುಟ್ಟಿನಿಂದಲೇ ಕಣ್ಣಿಲ್ಲ. ಒಕ್ಕಲುತನದ ಹಳ್ಳಿಯಲ್ಲಿ ಅಂಥ ಮಗುವಿಗೆ ತುತ್ತು ಅನ್ನ ಸಿಕ್ಕೀತು, ಜೊತೆ ಸಿಗುವುದು ಕಷ್ಟ. ಹಾನಗಲ್ಲ ಕುಮಾರ ಶಿವಯೋಗಿಗಳು ಇಬ್ಬರನ್ನೂ ಕರೆದೊಯ್ದು ಸಂಗೀತಕ್ಕೆ ಹಚ್ಚಿದರು. ಗದಿಗೆಯ್ಯನವರಿಗೆ ಮೈಸೂರಿನಲ್ಲಿ ಕರ್ನಾಟಕ ಸಂಗೀತ, ಆಮೇಲೆ ಮಿರಜದ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ, ಮುಂದೆ ಕಿರಾಣಾ ಘರಾಣೆಯ ಉಸ್ತಾದ ವಹೀದಖಾನರಿಂದಲೂ ಪಾಠವಾಯಿತು.

ಇಷ್ಟು ವಿದ್ಯೆ ಇದ್ದವರು ಯಾವುದಾದರೂ ಸಂಸ್ಥಾನದ ಆಶ್ರಯದಲ್ಲಿ ಸುಖವಾಗಿರಬಹುದಿತ್ತು. ಗವಾಯಿಗಳು ಅಂಧ, ಅನಾಥ, ಬಡ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿಕೊಂಡು ಊರೂರು ತಿರುಗುವ ಪಾಠಶಾಲೆ ನಡೆಸಿದರು. ಭಕ್ತರ ಕಾಣಿಕೆಯಲ್ಲೇ ದಾಸೋಹ ಸಾಗಬೇಕು. ನಾಟಕ ಮಂಡಳಿಯನ್ನೂ ಕಟ್ಟಿದರು. ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ಈ ಸಂಸಾರಕ್ಕೆ ನೆಲೆಯಾಯಿತು. ಸಂಸಾರ ಎಂದು ನಾವು ಬೇಕೆಂದೇ ಬರೆದಿದ್ದೇವೆ. ಕಣ್ಣಿಲ್ಲದವನಿಗೆ ಪಕ್ಕದವನು ಇದ್ದಾನೆಂದು ತಿಳಿಯುವುದು ದನಿಯಿಂದ. ಒಬ್ಬ ಪೇಟಿ ಹಿಡಿದು, ಇನ್ನೊಬ್ಬ ತಬಲಾ ನುಡಿಸಿ, ಮತ್ತೊಬ್ಬ ದನಿಗೂಡಿಸುವಾಗ ಯಾರೂ ಬೇಡವಾದವರಲ್ಲ. ಒಬ್ಬ ತಪ್ಪಿದರೆ ಮೇಳವೇ ನಿಲ್ಲುತ್ತದೆ.

ಬಸವರಾಜ ರಾಜಗುರುಗಳಂಥ ಗಾಯಕರು ಈ ಆಶ್ರಯದಲ್ಲಿ ಬೆಳೆದರು. 1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದ ಮೇಲೆ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ನಡೆಸಿದರು.

ಕೂಡಿ ಹಾಡುವುದರ ಗುಣವನ್ನು ಈಗ ವೈದ್ಯಲೋಕವೂ ಅಳೆದು ನೋಡಿದೆ. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ 60 ವರ್ಷ ದಾಟಿದ 258 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ವಾರಕ್ಕೊಮ್ಮೆ, 14 ವಾರ, ಕೂಡಿಸಿ ಹಾಡಿಸಿದರು. 2015ರಲ್ಲಿ ಪ್ರಕಟವಾದ ಫಲಿತದ ಪ್ರಕಾರ ಹಾಡಿದವರಲ್ಲಿ ಆತಂಕ, ಖಿನ್ನತೆ ಉಳಿದವರಿಗಿಂತ ಕಡಿಮೆಯಾಗಿದ್ದವು. ಅವರೇನೂ ಪಂಡಿತರಲ್ಲ, ಸಾಮಾನ್ಯರೇ.

ನಮ್ಮ ಕಡೆ ಮಳೆ ಕೈಕೊಟ್ಟು, ಪೇಟೆಯಲ್ಲಿ ದರ ಬಿದ್ದು, ಸಾಲದ ಚಿಂತೆಯಲ್ಲಿ ಯಾರೊಡನೆಯೂ ಮಾತಾಡದೆ ಕುಳಿತ ಒಕ್ಕಲಿಗರಿದ್ದಾರೆ, ವ್ಯಾಪಾರಸ್ಥರೂ ಇದ್ದಾರೆ. ಗುಡಿಯಲ್ಲಿ ಧ್ವನಿವರ್ಧಕ ತಾನೇ ಹಾಡುತ್ತದೆ. ಅದಕ್ಕೆ ಯಾರ ದನಿಯೂ ಬೇಡ! ಜಡ್ಡು ಬಲವಾದವರಿಗೆ ಡಾಕ್ಟರೇ ಬೇಕು, ಭಜನೆ ಸಾಲದು. ಆದರೆ ಸೋಮವಾರದ ಭಜನೆಗೆ ಎರಡು ವಾರ ಬಾರದವನ ಮನೆಗೆ ಮೇಳದವರು ಹೋಗಿ ತಾಳ ಅವನ ಕೈಗೆ ಕೊಟ್ಟು ಕರೆತರಬಹುದಲ್ಲ? ಅವನಿಗೆ ಸ್ವರ ಬಾರದಿದ್ದರೂ ನಡೆದೀತು.

ಪುಣ್ಯಾಶ್ರಮವನ್ನು ನೋಡಬೇಕೆನ್ನುವವರಿಗೆ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ ಮೇಲೆ ಗದುಗಿಗೆ ರೈಲು ಮಾರ್ಗವಿದೆ. ಹೋಗುವಾಗ ಊರಿನ ಭಜನಾ ಮೇಳದ ಹುಡುಗರನ್ನೂ ಕರೆದುಕೊಂಡು ಹೋಗಿರಿ.