ಅಡುಗೆಮನೆಯಲ್ಲಿ ದೇವರ ಸನ್ನಿಧಿಯನ್ನು ಕಂಡ ಸಹೋದರ ಲಾರೆನ್ಸ್



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮನೆಗಳಲ್ಲಿ ತಾಯಂದಿರ ದಿನವು ಬೆಳಕು ಹರಿಯುವ ಮುನ್ನವೇ ಜೋಳದ ರೊಟ್ಟಿಯ ಹಂಚಿನ ಮುಂದೆ ಆರಂಭವಾಗುತ್ತದೆ. ಕೈ ರೊಟ್ಟಿ ಬಡಿಯುತ್ತಿದ್ದರೂ ಮನಸ್ಸು ಅಲ್ಲಿರುವುದಿಲ್ಲ. ತೀರದ ಸಾಲ, ಬಾರದ ಮಳೆ, ತೊಗರಿಯ ಬೆಲೆ, ದೂರದ ಊರಿಗೆ ದುಡಿಯಲು ಹೋದ ಮಗ, ಹೀಗೆ ಅದು ನಿನ್ನೆ ನಾಳೆಗಳ ನಡುವೆ ಅಲೆಯುತ್ತಿರುತ್ತದೆ. ಇಷ್ಟು ದುಡಿಮೆಯ ನಡುವೆ ಪ್ರಾರ್ಥನೆಗೆ ಸಮಯವೆಲ್ಲಿ ಎಂಬ ಕೊರಗು ಬೇರೆ. ಇಂಥವರಿಗಾಗಿಯೇ ಬದುಕಿದಂತೆ ತೋರುವ ಒಬ್ಬ ಅಡುಗೆಯವನ ಚರಿತ್ರೆಯನ್ನು ಈ ವಾರ ಸ್ಮರಿಸೋಣ.

ಸಹೋದರ ಲಾರೆನ್ಸರ ಹುಟ್ಟುಹೆಸರು ನಿಕೊಲಾ ಹೆರ್ಮಾನ್. ಸುಮಾರು 1614ರಲ್ಲಿ, ಇಂದು ಫ್ರಾನ್ಸಿಗೆ ಸೇರಿರುವ ಲೊರೇನ್ ಪ್ರಾಂತ್ಯದ ಎರಿಮೆನಿಲ್ ಎಂಬ ಹಳ್ಳಿಯಲ್ಲಿ ಬಡ ಕುಟುಂಬದಲ್ಲಿ ಜನಿಸಿದರು. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದ ಒಂದು ದಿನ, ಎಲೆಯುದುರಿ ಬೋಳಾಗಿ ನಿಂತ ಮರವೊಂದನ್ನು ಕಂಡರು. ಸ್ವಲ್ಪ ಕಾಲದಲ್ಲೇ ಅದು ಚಿಗುರಿ, ಹೂವು ಬಿಟ್ಟು, ಹಣ್ಣು ತುಂಬಿಕೊಳ್ಳುವುದೆಂಬ ಯೋಚನೆ ಅವರ ಅಂತರಂಗವನ್ನು ತಟ್ಟಿತು. ದೇವರ ಕರುಣೆ ಮತ್ತು ಶಕ್ತಿಯ ಆ ಅರಿವು ಅವರನ್ನು ಜೀವನಪರ್ಯಂತ ಬಿಡಲಿಲ್ಲ.

ಆದರೂ ದಾರಿ ಸುಗಮವಾಗಿರಲಿಲ್ಲ. ಮೂವತ್ತು ವರ್ಷಗಳ ಯುದ್ಧದಲ್ಲಿ ಅವರು ಸಿಪಾಯಿಯಾಗಿದ್ದರು. ಶತ್ರುಗಳ ಕೈಗೆ ಸಿಕ್ಕಿ ಗೂಢಚಾರನೆಂಬ ಸಂಶಯಕ್ಕೆ ಗುರಿಯಾದರು. 1635ರಲ್ಲಿ ಗಾಯಗೊಂಡು ಸೈನ್ಯವನ್ನು ತೊರೆದರು. ಕಾಲಿನ ಊನ ಅವರಿಗೆ ಜೊತೆಯಾಗಿಯೇ ಉಳಿಯಿತು. ಬಳಿಕ ಶ್ರೀಮಂತರೊಬ್ಬರ ಮನೆಯಲ್ಲಿ ಆಳಾಗಿ ದುಡಿದರು. ಮುಟ್ಟಿದ್ದನ್ನೆಲ್ಲ ಒಡೆಯುವ ಒಡ್ಡನೆಂದು ತಮ್ಮನ್ನು ತಾವೇ ಹೇಳಿಕೊಳ್ಳುತ್ತಿದ್ದರು. 1640ರಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಮಠವನ್ನು ಸೇರಿ, ಪುನರುತ್ಥಾನದ ಲಾರೆನ್ಸ್ ಎಂಬ ಹೆಸರನ್ನು ಪಡೆದರು. ಅವರು ಗುರುಗಳಾಗಲಿಲ್ಲ, ಕೆಲಸಗಾರ ಸಹೋದರರಾಗಿ 1642ರಲ್ಲಿ ವ್ರತವಚನ ನೀಡಿದರು.

ಮಠದಲ್ಲಿ ಅವರಿಗೆ ಒದಗಿದ್ದು ಅಡುಗೆಮನೆ. ಸ್ವಭಾವತಃ ಅವರಿಗೆ ಒಗ್ಗದ ಕೆಲಸವದು. ಅದರಲ್ಲಿಯೇ ಸುಮಾರು ಹದಿನೈದು ವರ್ಷ ಕಳೆದರು. ಇದೇ ಕಾಲಾವಧಿಯಲ್ಲಿ ಹತ್ತು ವರ್ಷಗಳಷ್ಟು ಅವರ ಆತ್ಮ ಕತ್ತಲೆಯಲ್ಲಿ ತೊಳಲಿತು. ಹಿಂದಿನ ಪಾಪಗಳ ನೆನಪು ಕಾಡಿತು, ಮುಂದೆ ರಕ್ಷಣೆ ದೊರೆಯದೆಂಬ ಭಯ ಆವರಿಸಿತು. ಕಡೆಗೆ, ಆ ಕತ್ತಲೆಯಲ್ಲಿಯೇ ಆಯುಷ್ಯ ಮುಗಿದರೂ ಸರಿಯೆ, ದೇವರ ಪ್ರೀತಿಗಾಗಿ ಮಾಡಬೇಕಾದುದನ್ನು ಮಾಡುತ್ತಿರುವೆನೆಂದು ನಿಶ್ಚಯಿಸಿದರು. ಆಗ ಅವರಿಗೆ ಶಾಂತಿ ದೊರೆಯಿತು.

ಅಂದಿನಿಂದ ಒಲೆಯ ಮುಂದಿನ ಗದ್ದಲವೂ ಪರಮ ಪ್ರಸಾದದ ಮುಂದಿನ ಮೌನವೂ ಅವರಿಗೆ ಒಂದೇ ಆಯಿತು. ಕೆಲಸದ ಆರಂಭದಲ್ಲಿ ದೇವರ ಕೃಪೆಯನ್ನು ಬೇಡುವರು. ಕೆಲಸದ ನಡುವೆ ಅವರೊಡನೆ ಸರಳವಾಗಿ ಮಾತನಾಡುವರು. ತಪ್ಪಿದಾಗ ಒಪ್ಪಿಕೊಂಡು, ಕೊರಗುತ್ತ ಕೂರದೆ ಮತ್ತೆ ಆ ಸನ್ನಿಧಿಗೆ ಮರಳುವರು. ಇದು ನಾಳಿನ ಹೊಣೆಯನ್ನು ಮರೆಯುವ ಉದಾಸೀನತೆಯಲ್ಲ. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ದೂರದ ಬರ್ಗಂಡಿಗೆ ಕಳುಹಿಸಿದಾಗ, ವ್ಯಾಪಾರ ತಿಳಿಯದ ಆ ಕುಂಟ ಸಹೋದರ ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳುತ್ತ ಸರಿದಾಡಿಯೂ ಕಾರ್ಯವನ್ನು ಮುಗಿಸಿ ಬಂದರು. ಹೊಣೆಯನ್ನು ಹೊತ್ತರು, ಚಿಂತೆಯನ್ನು ದೇವರಿಗೆ ಒಪ್ಪಿಸಿದರು.

ಕಾಲುನೋವು ಹೆಚ್ಚಿದ ಮೇಲೆ ಮಠವಾಸಿಗಳ ಪಾದರಕ್ಷೆ ಹೊಲಿಯುವ ಕೆಲಸಕ್ಕೆ ಕುಳಿತರು. ವಿದ್ಯಾವಂತರು ಅವರನ್ನು ಹುಡುಕಿಕೊಂಡು ಬಂದರು. 1666ರಿಂದ ಅವರೊಡನೆ ಸಂಭಾಷಿಸಿದ ಜೋಸೆಫ್ ದ ಬೋಫೋರ್ ಎಂಬ ಗುರುಗಳು ಅವರ ಪತ್ರಗಳನ್ನೂ ಮಾತುಗಳನ್ನೂ ಸಂಗ್ರಹಿಸಿ ಪ್ರಕಟಿಸಿದರು. 1691ರ ಫೆಬ್ರವರಿ 12ರಂದು ಲಾರೆನ್ಸ್ ದೈವಾಧೀನರಾದರು. ಧರ್ಮಸಭೆ ಅವರಿಗೆ ಸಂತ ಪದವಿಯನ್ನು ನೀಡಿಲ್ಲವಾದರೂ ಅವರ ಪುಸ್ತಕವನ್ನು ಕಥೋಲಿಕರಲ್ಲದವರೂ ಆದರದಿಂದ ಓದುತ್ತಾರೆ.

ನಮ್ಮ ನೆಲಕ್ಕೂ ಈ ಪಾಠ ಹೊಸದಲ್ಲ. ಅರಳಗುಂಡಗಿಯಲ್ಲಿ ಜನಿಸಿ, 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಒಕ್ಕಲುತನ ಮಾಡುತ್ತಲೇ ಹಸಿದು ಬಂದವರಿಗೆ ಅನ್ನವಿಕ್ಕಿದ ದಾಸೋಹಿಗಳು. ಹೊಲಕ್ಕೆ ಬಂದ ಹಕ್ಕಿಗಳನ್ನೂ ಅವರು ಓಡಿಸಲಿಲ್ಲವೆಂದು ಈ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಆಕಾಶದ ಪಕ್ಷಿಗಳನ್ನು ತೋರಿಸಿ ನಾಳೆಯ ಚಿಂತೆಯನ್ನು ಬಿಡಿಸಿದ ಯೇಸುಸ್ವಾಮಿಯ ಬೋಧನೆಯನ್ನು ಅರಿತ ನಮಗೆ ನೆರೆಯವರ ಈ ನೆನಪು ಹತ್ತಿರದ್ದೇ.

ನಾಳೆ ಹಂಚನ್ನು ಒಲೆಯ ಮೇಲಿಡುವಾಗ, ಹೊಲದಲ್ಲಿ ಕಳೆ ಕೀಳುವಾಗ, ಬಸ್ಸಿಗಾಗಿ ಕಾಯುವಾಗ ಒಂದು ಕ್ಷಣ ಶಿಲುಬೆಯ ಗುರುತನ್ನು ಹಾಕಿ, ಪ್ರಭು ಇಲ್ಲಿಯೇ ಇದ್ದಾರೆಂದು ನೆನೆಯೋಣ. ಸಾಲ ಅದರಿಂದ ತೀರದು, ಮಳೆಯೂ ಕೂಡಲೇ ಬಾರದು. ಆದರೆ ಆ ಭಾರವನ್ನು ನಾವು ಒಂಟಿಯಾಗಿ ಹೊರುತ್ತಿಲ್ಲವೆಂಬುದು ತಿಳಿಯುತ್ತದೆ. ಆ ಅರಿವನ್ನು ಪ್ರಭು ನಮ್ಮ ಎಲ್ಲ ಕುಟುಂಬಗಳಿಗೂ ದಯಪಾಲಿಸಲಿ.