ರುಡಾಲ್ಫ್ ಡೀಸೆಲ್

ಮೊಳಕಾಲ್ಮೂರಿನ ಕಡೆಯಿಂದ ಬೆಳಿಗ್ಗೆ ಚಳ್ಳಕೆರೆಗೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಪ್ರಯಾಣ ಮಾಡುವ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ಆ ಬಸ್ಸು ನಡೆಯುವುದು ಡೀಸೆಲಿನಿಂದ. ನಮ್ಮೂರ ಟ್ರಾಕ್ಟರು ನಡೆಯುವುದೂ ಅದರಿಂದಲೇ. ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಈ ಶಬ್ದವು ಒಬ್ಬ ಮನುಷ್ಯನ ಹೆಸರೆಂಬುದು ಕಾಲೇಜು ಸೇರುವವರೆಗೆ ನನಗೆ ತಿಳಿದಿರಲಿಲ್ಲ. ಕಲಾವಿಭಾಗದವನಾದ ನಾನು ಯಂತ್ರಶಾಸ್ತ್ರಕ್ಕೆ ಕೈಹಾಕಿದ್ದನ್ನು ಬಲ್ಲವರು ಮನ್ನಿಸಬೇಕು. ನಾನು ಹೇಳಹೊರಟಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಕಥೆಯನ್ನು.

ರುಡಾಲ್ಫ್ ಡೀಸೆಲನು 1858ನೆಯ ಇಸವಿ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಜರ್ಮನಿಯ ಬವೇರಿಯ ಪ್ರಾಂತದಿಂದ ಬಂದು ನೆಲಸಿದವರು. ತಂದೆಯದು ಪುಸ್ತಕಗಳಿಗೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸುಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿಕೊಂಡಿತು. ಜರ್ಮನರಿಗೆ ಪ್ಯಾರಿಸ್ಸಿನಲ್ಲಿ ನಿಲ್ಲಲು ನೆಲೆಯಿಲ್ಲದಂತಾಗಿ ಕುಟುಂಬವು ಲಂಡನ್ ಸೇರಿತು. ಅಲ್ಲಿಂದ ಹನ್ನೆರಡು ವರ್ಷದ ಹುಡುಗನನ್ನು ಒಬ್ಬನನ್ನೇ ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿದ್ದ ಬಂಧುಗಳ ಮನೆಗೆ ಕಳಿಸಿಕೊಟ್ಟರು. ಆ ಮನೆಯ ಯಜಮಾನರು ಗಣಿತದ ಉಪಾಧ್ಯಾಯರು. ಅಲ್ಲಿಯೇ ಹುಡುಗನಿಗೆ ಓದಿನ ರುಚಿ ಹತ್ತಿದ್ದು.

1875ರಲ್ಲಿ ಅವನಿಗೆ ಮ್ಯೂನಿಕ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಓದಲು ವಿದ್ಯಾರ್ಥಿವೇತನ ದೊರೆಯಿತು. ಆದರೆ ಮನೆಯಲ್ಲಿ ಸಂತೋಷವಾಗಲಿಲ್ಲ. ಮಗನು ಓದಿದ್ದು ಸಾಕು, ಇನ್ನು ದುಡಿದು ನಾಲ್ಕು ಕಾಸು ತರಲಿ ಎಂಬುದು ಹೆತ್ತವರ ಇಚ್ಛೆಯಾಗಿತ್ತು. ಅವನು ಆ ಮಾತನ್ನು ಕೇಳದೆ ಮ್ಯೂನಿಕ್ಕಿಗೆ ಹೋದನು. ಈ ಸಂಗತಿಯನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. ಪಿ.ಯು.ಸಿ. ಮುಗಿದ ಬೇಸಗೆಯಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಎರಡು ಎಕರೆ ಖುಷ್ಕಿ ಜಮೀನು, ಮಳೆ ಬಂದರೆ ಶೇಂಗಾ, ಬಾರದಿದ್ದರೆ ಕೂಲಿ. ಅಂಥ ಮನೆಯಲ್ಲಿ ಓದು ಮುಂದುವರಿಸುವುದೆಂದರೆ ಒಂದು ಜೊತೆ ಕೈ ಕಡಮೆಯಾದಂತೆ. ತಂದೆಯವರನ್ನು ನಾನು ದೂರುವುದಿಲ್ಲ. ಡೀಸೆಲನ ತಂದೆಯನ್ನೂ ದೂರಲಾರೆ.

1879ರಲ್ಲಿ ಕೊನೆಯ ಪರೀಕ್ಷೆಯ ಹೊತ್ತಿಗೆ ಅವನು ವಿಷಮಶೀತಜ್ವರದಿಂದ ಮಲಗಿದನು. ಮರುವರ್ಷ ಜನವರಿಯಲ್ಲಿ ಪರೀಕ್ಷೆಗೆ ಕುಳಿತು ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದನು.

ಅವನಿಗೆ ಪಾಠ ಹೇಳಿದವರಲ್ಲಿ ಶೈತ್ಯಯಂತ್ರಗಳಿಗೆ ಪ್ರಸಿದ್ಧನಾದ ಕಾರ್ಲ್ ಫಾನ್ ಲಿಂಡೆ ಒಬ್ಬನು. ಉಗಿಯಂತ್ರದಲ್ಲಿ ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಒಂಬತ್ತು ಪಾಲು ವ್ಯರ್ಥವಾಗಿ, ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆಂಬುದು ಡೀಸೆಲನ ಮನಸ್ಸಿಗೆ ನಾಟಿತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ಗಾಳಿಯನ್ನು ಇನ್ನೂ ಬಲವಾಗಿ ಒತ್ತಿದರೆ ಅದು ಎಷ್ಟು ಕಾಯುತ್ತದೆಂದರೆ, ಅದರೊಳಕ್ಕೆ ಇಂಧನವನ್ನು ಚಿಮ್ಮಿಸಿದೊಡನೆ ಕಿಡಿಯ ಹಂಗಿಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಡೀಸೆಲನ ಯಂತ್ರದ ಗುಟ್ಟು ಇಷ್ಟೇ. ಇದಕ್ಕೆ 1893ರಲ್ಲಿ ಪೇಟೆಂಟ್ ದೊರೆಯಿತು. ಹೇಳುವುದು ಸುಲಭ, ಮಾಡಲು ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಹಿಡಿಯಿತು. ಮೊದಲ ಪ್ರಯೋಗದಲ್ಲಿಯೇ ಒತ್ತಡ ಅಳೆಯುವ ಉಪಕರಣವು ಸಿಡಿದುಹೋಯಿತು. 1894ರ ಫೆಬ್ರವರಿಯಲ್ಲಿ ಯಂತ್ರವು ಸುಮಾರು ಒಂದು ನಿಮಿಷ ತಾನಾಗಿ ತಿರುಗಿತು. 1897ರ ಫೆಬ್ರವರಿಯಲ್ಲಿ ನಡೆದ ಪರೀಕ್ಷೆಯಲ್ಲಿ ಇಂಧನದ ಶಾಖದಲ್ಲಿ ನೂರಕ್ಕೆ 26.2 ಪಾಲು ಕೆಲಸವಾಗಿ ಪರಿಣಮಿಸಿತು. ಆ ಕಾಲಕ್ಕೆ ಬೇರಾವ ಯಂತ್ರವೂ ಇದರ ಸಮೀಪಕ್ಕೆ ಬಂದಿರಲಿಲ್ಲ.

ಇನ್ನು ಶೇಂಗಾ ಎಣ್ಣೆಯ ವಿಚಾರ. ಎಣ್ಣೆ ಗಿರಣಿಗಳಿಂದಲೇ ಹೆಸರಾದ ಚಳ್ಳಕೆರೆಯವರಿಗೆ ಇದನ್ನು ಹೇಳದೆ ಬಿಡಲಾಗದು. ಡೀಸೆಲನು ತನ್ನ ಯಂತ್ರವನ್ನು ಶೇಂಗಾ ಎಣ್ಣೆಗಾಗಿಯೇ ಕಂಡುಹಿಡಿದನೆಂದು ನಾನು ಒಂದೆಡೆ ಓದಿ ಹಿಗ್ಗಿದ್ದೆನು, ಗೆಳೆಯರೆದುರು ಜಂಬವನ್ನೂ ಕೊಚ್ಚಿದ್ದೆನು. ಅದು ನಿಜವಲ್ಲ. ಅವನು ಮೊದಲು ಮನಸ್ಸಿನಲ್ಲಿಟ್ಟುಕೊಂಡಿದ್ದ ಇಂಧನಗಳಲ್ಲಿ ಕಲ್ಲಿದ್ದಲಿನ ಪುಡಿಯೂ ಒಂದು. ಪ್ರಯೋಗಗಳು ನಡೆದದ್ದು ಹೆಚ್ಚಾಗಿ ಖನಿಜ ತೈಲದಿಂದ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಶೇಂಗಾ ಎಣ್ಣೆಯಿಂದ ಒಂದು ಸಣ್ಣ ಯಂತ್ರವನ್ನು ನಡೆಸಿ ತೋರಿಸಿದ್ದು ಫ್ರಾನ್ಸಿನ ಆಟೋ ಕಂಪನಿ. ಹಾಗೆ ಮಾಡಲು ಪ್ರೇರಣೆ ಫ್ರೆಂಚ್ ಸರ್ಕಾರದ್ದು. ಆಫ್ರಿಕದ ತಮ್ಮ ವಸಾಹತುಗಳಲ್ಲಿ ಶೇಂಗಾ ಹೇರಳವಾಗಿ ಬೆಳೆಯುತ್ತಿದ್ದುದರಿಂದ, ಹೊರಗಿನಿಂದ ಕಲ್ಲಿದ್ದಲು ತರಿಸದೆ ಅಲ್ಲಿಯ ಎಣ್ಣೆಯಿಂದಲೇ ಯಂತ್ರಗಳನ್ನು ನಡೆಸಬಹುದೆಂಬ ಲೆಕ್ಕಾಚಾರ. ಬೆಳೆಯುವವನ ಹಿತ ಆ ಲೆಕ್ಕದಲ್ಲಿ ಎಷ್ಟಿತ್ತೋ ನಾನು ಹೇಳಲಾರೆ. ಖನಿಜ ತೈಲಕ್ಕೆಂದು ಮಾಡಿದ ಯಂತ್ರವು ಏನೂ ಮಾರ್ಪಾಡಿಲ್ಲದೆ ನಡೆದುದರಿಂದ ನೋಡಲು ಬಂದವರಲ್ಲಿ ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಡೀಸೆಲನು ಮಾತ್ರ ಇದನ್ನು ಮರೆಯಲಿಲ್ಲ. ಬದುಕಿನ ಕೊನೆಯ ವರ್ಷಗಳಲ್ಲಿ ಅವನು, ಸಸ್ಯತೈಲವು ಇಂದು ಅಲ್ಪವೆನಿಸಿದರೂ ಕಾಲಕ್ರಮದಲ್ಲಿ ಖನಿಜ ತೈಲಕ್ಕೆ ಸರಿಸಮವಾಗಬಹುದೆಂಬ ಅಭಿಪ್ರಾಯವನ್ನು ಬರೆದಿಟ್ಟನು.

ಕೀರ್ತಿ ಬಂದಿತು, ಹಣವೂ ಬಂದಿತು. ಮ್ಯೂನಿಕ್ಕಿನಲ್ಲಿ ಭವ್ಯವಾದ ಮನೆಯನ್ನು ಕಟ್ಟಿಸಿದನು. ವ್ಯವಹಾರ ಮಾತ್ರ ಅವನಿಗೆ ಒಗ್ಗಲಿಲ್ಲ. ಹೂಡಿದ ಹಣ ಕರಗಿತು, ಸಾಲ ಬೆಳೆಯಿತು, ಆರೋಗ್ಯ ಕೆಟ್ಟಿತು. 1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನೇರಿ ಇಂಗ್ಲೆಂಡಿಗೆ ಹೊರಟನು. ಊಟ ಮುಗಿಸಿ, ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸಬೇಕೆಂದು ಹೇಳಿ ಕೋಣೆಗೆ ಹೋದವನು ಬೆಳಿಗ್ಗೆ ಅಲ್ಲಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ ಗುರುತೂ ಇರಲಿಲ್ಲ. ಕೆಲವು ದಿನಗಳ ತರುವಾಯ ಒಂದು ಡಚ್ ಹಡಗಿನವರಿಗೆ ಸಮುದ್ರದಲ್ಲಿ ಶವವೊಂದು ಸಿಕ್ಕಿತು. ಅದರ ಜೇಬಿನಲ್ಲಿದ್ದ ವಸ್ತುಗಳನ್ನು ನೋಡಿ ಮಗನು ತಂದೆಯವೆಂದು ಗುರುತಿಸಿದನು. ತಾನಾಗಿ ಹಾರಿದನೋ, ಯಾರಾದರೂ ತಳ್ಳಿದರೋ ಎಂಬ ಚರ್ಚೆ ಇನ್ನೂ ನಿಂತಿಲ್ಲ. ನನಗೆ ಸಾಲದ ಕಥೆಯೇ ಹೆಚ್ಚು ನಂಬುವಂತೆ ತೋರುತ್ತದೆ. ಸಾಲವೆಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಅವನ ತರುವಾಯ ಖನಿಜ ತೈಲ ಅಗ್ಗವಾಗಿ, ಸಸ್ಯತೈಲದ ಮಾತು ಹಿಂದೆ ಬಿದ್ದಿತು. ಇದನ್ನೆಲ್ಲ ಒಂದು ರಾತ್ರಿ ತಂದೆಯವರಿಗೆ ಹೇಳಿದೆನು. ಡೀಸೆಲಿಗಿಂತ ದುಬಾರಿಯಾದ, ತಿನ್ನುವ ಎಣ್ಣೆಯನ್ನು ಟ್ರಾಕ್ಟರಿಗೆ ಸುರಿಯುವ ಮೂರ್ಖರು ಯಾರೆಂದು ಅವರು ಕೇಳಿದರು. ಕೇಳಿದ್ದು ಸರಿಯಾಗಿಯೇ ಇದೆ. ವಿಜ್ಞಾನಿಗಳು ಕೆರೆಯ ಪಾಚಿಯ ಕಡೆಗೆ ತಿರುಗಿದ್ದಕ್ಕೆ ಇದೂ ಒಂದು ಕಾರಣ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ಕೆಲವು ಜಾತಿಗಳು ತಮ್ಮ ಮೈಯಲ್ಲಿ ಎಣ್ಣೆಯನ್ನು ಕೂಡಿಡುತ್ತವೆ. ಬಯಲಿನಲ್ಲಿ ಉದ್ದನೆಯ, ಆಳವಿಲ್ಲದ ತೊಟ್ಟಿಗಳನ್ನು ಕಟ್ಟಿ, ರೆಕ್ಕೆಚಕ್ರದಿಂದ ನೀರನ್ನು ಸುತ್ತಿಸುತ್ತ, ಇಂಗಾಲದ ಡೈ ಆಕ್ಸೈಡ್ ಉಣಿಸಿ, ಬಿಸಿಲಿನಲ್ಲಿ ಅವನ್ನು ಬೆಳೆಸುತ್ತಾರೆ. ತೆಗೆದ ಎಣ್ಣೆಯನ್ನು ಮೆಥನಾಲ್ ಮತ್ತು ಕಾಸ್ಟಿಕ್ ಸೋಡದೊಡನೆ ಬೆರೆಸಿದರೆ ಜೈವಿಕ ಡೀಸೆಲೂ ಗ್ಲಿಸರಿನ್ನೂ ಬೇರೆಬೇರೆಯಾಗುತ್ತವೆ. ಅಮೆರಿಕದವರು 1978ರಿಂದ 1996ರವರೆಗೆ ಈ ಸಂಶೋಧನೆಗೆ ಹಣ ಸುರಿದರು. ನ್ಯೂ ಮೆಕ್ಸಿಕೊದ ರಾಸ್‌ವೆಲ್ ಎಂಬಲ್ಲಿ, ನಮ್ಮದರಂತೆಯೇ ಮಳೆ ಕಡಮೆಯಾದ ಸೀಮೆಯಲ್ಲಿ, ಸಾವಿರ ಚದರ ಮೀಟರಿನ ತೊಟ್ಟಿಗಳನ್ನು ಕಟ್ಟಿದರು. ರಾತ್ರಿಯ ಚಳಿಗೆ ಬೆಳೆ ಕುಗ್ಗಿತು. ಬಿತ್ತಿದ ಜಾತಿಯನ್ನು ಒತ್ತರಿಸಿ ಆ ಊರಿನದೇ ಕಾಡುಪಾಚಿ ತುಂಬಿಕೊಂಡಿತು. ಹೊಲದಲ್ಲಿ ಕಳೆ ಕಿತ್ತವರಿಗೆ ಇದು ಹೊಸದಲ್ಲ. ಖರ್ಚು ಖನಿಜ ತೈಲದ ಬೆಲೆಯನ್ನು ಮೀರಿದ್ದರಿಂದ ಆ ಕೆಲಸವನ್ನು ನಿಲ್ಲಿಸಿದರು.

ಚಳ್ಳಕೆರೆ ಸೀಮೆಯಲ್ಲಿ ಅಂಥ ಚಳಿಯಿಲ್ಲ, ಬಿಸಿಲಿಗೆ ಬರವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಶಾಲವಾದ ಆವರಣವು ನಮ್ಮ ಕುದಾಪುರದಲ್ಲಿಯೇ ಇದೆ. ಅಲ್ಲೊಂದು ತೊಟ್ಟಿಯಲ್ಲಿ ಇದನ್ನು ಪರೀಕ್ಷಿಸಿ ನೋಡಬಾರದೇಕೆ ಎಂಬುದು ನನ್ನ ಆಸೆ. ಇದನ್ನೂ ತಂದೆಯವರಿಗೆ ಹೇಳಿದೆನು. ಈ ಬಿಸಿಲಿಗೆ ತೊಟ್ಟಿಯ ನೀರು ಎಷ್ಟು ದಿನ ನಿಂತೀತೆಂದು ಅವರು ಕೇಳಿದರು. ಸವಳು ನೀರಿನಲ್ಲಿ ಬೆಳೆಯುವ ಜಾತಿಗಳೂ ಉಂಟೆಂದು ಹೇಳಿದೆನು. ಅವರು ಸ್ವಲ್ಪ ಯೋಚಿಸಿ, ಕುಡಿಯಲು ಬಾರದೆಂದು ಬಿಟ್ಟಿರುವ ನಮ್ಮೂರ ಹಳೆಯ ಬೋರಿನ ನೀರು ಅದಕ್ಕಾದೀತೇ ಎಂದು ಕೇಳಿದರು.