ಬಸವಿ ಪದ್ಧತಿ ವಿರುದ್ಧ ನಿಂತ ಡಾಕ್ಟರಮ್ಮ

ಆದೋನಿ, ರಾಯದುರ್ಗದ ಕಡೆಯ ಹಿರಿಯರಿಗೆ ‘ಬಸವಿ ಬಿಡುವುದು’ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು, ಕೊನೆಗೆ ಉಳ್ಳವರ ಪಾಲು ಮಾಡುತ್ತಿದ್ದ ಇಂಥ ಪದ್ಧತಿಗಳ ವಿರುದ್ಧ 1947ರಲ್ಲಿ ಮದ್ರಾಸ್ ಪ್ರಾಂತ್ಯ ಕಾಯ್ದೆ ತಂದಿತು. ಅದಕ್ಕಾಗಿ ಎರಡು ದಶಕ ಹೋರಾಡಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಕಾಸರಗೋಡು, ನೀಲಗಿರಿ, ಹೊಸೂರು, ತಾಳವಾಡಿ, ಆದೋನಿ, ಮಡಕಶಿರಾ ಎಲ್ಲವೂ ಆಗ ಮದ್ರಾಸಿಗೇ ಸೇರಿದ್ದರಿಂದ ಅದು ನಮ್ಮೂರುಗಳ ಕಾನೂನೂ ಆಯಿತು.

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ಪುದುಕ್ಕೋಟೆಯಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಗಂಡುಹುಡುಗರ ಕಾಲೇಜಿಗೆ ಹುಡುಗಿ ಬರಬಾರದು ಅಂತ ಗಲಾಟೆ ಎದ್ದರೂ ಅಲ್ಲಿನ ರಾಜರು ಸೀಟು ಕೊಡಿಸಿದರು. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಡಾಕ್ಟರ್ ಆಗಿ ಹೊರಬಂದರು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರನ್ನು ಮದುವೆಯಾದರು.

ಮದ್ರಾಸ್ ಶಾಸನಸಭೆಗೆ ನಾಮಕರಣಗೊಂಡ ಮೊದಲ ಮಹಿಳೆ ಇವರೇ. ಸಭೆಯ ಉಪಾಧ್ಯಕ್ಷೆಯೂ ಆದರು. ದೇವಸ್ಥಾನದ ಸೇವೆಗೆಂದು ದೇವದಾಸಿಯರಿಗೆ ಕೊಟ್ಟಿದ್ದ ಇನಾಂ ಜಮೀನು, ಸೇವೆ ಬಿಟ್ಟರೂ ಅವರಿಗೇ ಉಳಿಯುವಂತೆ 1929ರಲ್ಲಿ ತಿದ್ದುಪಡಿ ಮಾಡಿಸಿದರು. ಹೊಟ್ಟೆಪಾಡಿಗೆ ದಾರಿ ಮಾಡದೆ ಬಿಡುಗಡೆ ಅಂದರೆ ಅರ್ಥವಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ವಿರೋಧವೂ ಬಂತು. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ಮುಂತಾದ ಕಲಾವಿದೆಯರು, ತಮ್ಮ ಕಲೆ, ಆಸ್ತಿ, ಮಾನಕ್ಕೆ ಧಕ್ಕೆ ಬರುತ್ತದೆಂದು ಆಕ್ಷೇಪ ಎತ್ತಿದರು. ಆ ವಾದವನ್ನೂ ಇತಿಹಾಸಕಾರರು ಇಂದು ಗಂಭೀರವಾಗಿ ನೋಡುತ್ತಾರೆ.

ಗಾಂಧೀಜಿ ಬಂಧನ ಖಂಡಿಸಿ 1930ರಲ್ಲಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅದೇ ಹೊತ್ತಿನಲ್ಲಿ ದೇವದಾಸಿ ಕುಟುಂಬದ ಹುಡುಗಿಯರು ಆಸರೆ ಕೇಳಿ ಬಂದರು. ಹಾಸ್ಟೆಲುಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. ಡಾಕ್ಟರಮ್ಮ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಹೀಗೆ ಶುರುವಾಯಿತು ಅವ್ವೈ ಹೋಮ್. ಅಲ್ಲಿ ಊಟ, ವಸತಿ, ಆರೈಕೆ, ಓದು ಎಲ್ಲವೂ ಒಂದೇ ಸೂರಿನಡಿ. ಔಷಧಿ ಕೊಟ್ಟು ಮತ್ತೆ ಅದೇ ಮನೆಗೆ ಕಳಿಸಿದರೆ ಕಾಯಿಲೆಯೂ ವಾಸಿಯಾಗದು, ಬದುಕೂ ಬದಲಾಗದು. ಸಾಗಣೆಯಿಂದ ಪಾರಾದವರ ಚಿಕಿತ್ಸೆಯಲ್ಲಿ ಇಂದು ಆಸರೆ, ಆಪ್ತಸಲಹೆ, ಕೆಲಸ ಎಲ್ಲ ಸೇರಬೇಕು ಅನ್ನುವುದೂ ಇದಕ್ಕೇ.

ಕ್ಯಾನ್ಸರಿನಿಂದ ತಂಗಿ ತೀರಿಕೊಂಡ ನೋವು ಅವರನ್ನು ಬಿಡಲಿಲ್ಲ. 1954ರಲ್ಲಿ ಅಡ್ಯಾರಿನಲ್ಲಿ 12 ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆ ತೆರೆಯಿತು. 1956ರಲ್ಲಿ ಪದ್ಮಭೂಷಣ ಬಂತು. 1968ರ ಜುಲೈ 22ರಂದು ಕಣ್ಮುಚ್ಚಿದರು. ಅವರ ಹುಟ್ಟುಹಬ್ಬವನ್ನು ತಮಿಳುನಾಡು ಸರ್ಕಾರ ಆಸ್ಪತ್ರೆ ದಿನವಾಗಿ ಆಚರಿಸುತ್ತದೆ.

ಮುಂದೆ ಕರ್ನಾಟಕ 1982ರಲ್ಲಿ, ಆಂಧ್ರ 1988ರಲ್ಲಿ ಇಂಥದೇ ಕಾಯ್ದೆ ತಂದವು. ಮಕ್ಕಳನ್ನು ಹೀಗೆ ಬಿಡುವುದಾಗಲಿ, ಸಾಗಿಸುವುದಾಗಲಿ ಗೊತ್ತಾದರೆ ಗಡಿಯ ಯಾವ ಕಡೆಯಿಂದಲಾದರೂ 1098ಕ್ಕೆ ಫೋನ್ ಮಾಡಬಹುದು.